ಹೊಳೆ ಬಂದಾಗ 400 ಮಂದಿಗೆ ಗಂಜಿ ಕೇಂದ್ರ: ಕರಡು ಪಟ್ಟಿ ನೋಡಿ ತಿದ್ದಿಕೊಡಿ

(ಇದೊಂದು ಚರ್ಚೆ. ಪ್ರತಿ ಬರಹದ ಮೇಲೆ ಇರುವುದು ಬರೆದವರ ಅಡ್ಡಹೆಸರು.)

ಹೊಳೆಸಾಲು

ಮಲಪ್ರಭಾ, ಘಟಪ್ರಭಾ, ಕೃಷ್ಣಾ ದಂಡೆಯ ಊರುಗಳು 2009ರಲ್ಲಿ ಒಮ್ಮೆ, 2019ರ ಆಗಸ್ಟ್‌ನಲ್ಲಿ ಮತ್ತೊಮ್ಮೆ ಮುಳುಗಿದವು. ಮಲಪ್ರಭೆಯ ನವಿಲುತೀರ್ಥ ಡ್ಯಾಮಿನಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೆ ಪಟ್ಟಿ ಬರೆಯಲು ಕೂತರೆ ಆಗೋದಿಲ್ಲ. ಎತ್ತರದ ಶಾಲೆಯೊಂದರಲ್ಲಿ 400 ಜನರಿಗೆ 10 ದಿನ ನಡೆಯುವ ಗಂಜಿ ಕೇಂದ್ರಕ್ಕೆ ಪಂಚಾಯ್ತಿ ಮುಂದಿಡುವ ಕರಡು ಹೀಗಿದೆ: ಅಕ್ಕಿ 20 ಕ್ವಿಂಟಲ್, ತೊಗರಿಬೇಳೆ 1 ಕ್ವಿಂಟಲ್, ಎಣ್ಣೆ 50 ಲೀಟರ್, ಉಪ್ಪು, ಖಾರದ ಪುಡಿ, ಅರಿಸಿನ. ಇದರಲ್ಲಿ ಯಾವುದು ಸಾಲದು, ಯಾವುದು ಬಿಟ್ಟುಹೋಗಿದೆ, ದಯವಿಟ್ಟು ಲೆಕ್ಕದ ಸಮೇತ ಹೇಳಿ.

ಪಡಿಲೆಕ್ಕ

ನಿಮ್ಮ ಪಟ್ಟಿಯನ್ನು ತಲೆಗೆ ದಿನಕ್ಕೆ ಇಳಿಸಿ ನೋಡೋಣ. 400 ಜನ, 10 ದಿನ ಅಂದರೆ 4,000 ಪಾಲು. ಒಂದು ಪಾಲಿಗೆ ಅಕ್ಕಿ 500 ಗ್ರಾಂ, ಬೇಳೆ 25 ಗ್ರಾಂ, ಎಣ್ಣೆ ಸುಮಾರು 11 ಗ್ರಾಂ. ಒಟ್ಟು 1,900 ಕ್ಯಾಲೊರಿ ಚಿಲ್ಲರೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಕನಿಷ್ಠ ಮಾನದಂಡ ದೊಡ್ಡವರಿಗೆ 2,400, ಮಕ್ಕಳಿಗೆ 1,700. ಜಗತ್ತಿನ ನೆರವು ಸಂಸ್ಥೆಗಳು ಹಿಡಿಯುವ ಸ್ಫಿಯರ್ ಮಾನದಂಡ ಎಲ್ಲ ವಯಸ್ಸಿನ ಸರಾಸರಿಯಾಗಿ 2,100. ನಿಮ್ಮ ಪಟ್ಟಿ ಎರಡಕ್ಕೂ ಕೆಳಗಿದೆ. ಕೊರತೆ ಅಕ್ಕಿಯಲ್ಲಿಲ್ಲ, ಅಕ್ಕಿ ಹೆಚ್ಚೇ ಇದೆ. ಬೇಳೆ, ಎಣ್ಣೆ ಸಾಲದು.

ಹೀಗೆ ಬದಲಿಸಿ. ಒಂದು ಪಾಲಿಗೆ ಧಾನ್ಯ 450 ಗ್ರಾಂ, ಬೇಳೆ 75, ಎಣ್ಣೆ 40, ಬೆಲ್ಲ 30, ಶೇಂಗಾ 25. ಇದು 2,400 ದಾಟುತ್ತದೆ, ಪ್ರೋಟೀನ್ 55 ಗ್ರಾಂ ಮೇಲೆ ಸಿಗುತ್ತದೆ. ದಾಸ್ತಾನಿನ ಲೆಕ್ಕದಲ್ಲಿ ಧಾನ್ಯ 18 ಕ್ವಿಂಟಲ್, ಬೇಳೆ 3 ಕ್ವಿಂಟಲ್, ಎಣ್ಣೆ 175 ಲೀಟರ್, ಬೆಲ್ಲ 1.2 ಕ್ವಿಂಟಲ್, ಶೇಂಗಾ 1 ಕ್ವಿಂಟಲ್. ಮಕ್ಕಳು ಕಡಿಮೆ ಉಣ್ಣುತ್ತಾರೆಂದು ಇದರಲ್ಲಿ ಕಡಿತ ಮಾಡಬೇಡಿ. ಸೋರಿಕೆ, ಒದ್ದೆಯಾದದ್ದು, ಪಟ್ಟಿಯಲ್ಲಿಲ್ಲದೆ ಬಂದವರು, ಇವೆಲ್ಲ ಆ ಉಳಿತಾಯವನ್ನು ತಿಂದುಬಿಡುತ್ತವೆ.

ಉಪ್ಪು ಅಯೋಡಿನ್ ಇರುವುದೇ ಇರಲಿ.

ಕರಿಮಣ್ಣು

ಬರೇ ಕಾಳು ಕೊಟ್ಟು ಕೈ ತೊಳಕೊಳ್ಳೋದು ಈ ಸೀಮಿಗೆ ಹೊಸಾದಲ್ರೀ. 1876–78ರ ಬರದಾಗ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಪರಿಹಾರ ಕೆಲಸಕ್ಕ ಬಂದ ಗಂಡಾಳಿಗೆ ದಿನಕ್ಕ 1 ಪೌಂಡು ಕಾಳು, ಮ್ಯಾಲೊಂದು ಆಣೆ ಅಂತ ಗೊತ್ತು ಮಾಡಿದ. 1 ಪೌಂಡು ಅಂದ್ರ 450 ಗ್ರಾಂ. ಮದರಾಸಿನ ಆರೋಗ್ಯ ಅಧಿಕಾರಿ ಕಾರ್ನಿಶ್ ಅನ್ನವರು ಇದು ಸಾಲಂಗಿಲ್ಲ, ಒಂದೂವರಿ ಪೌಂಡು ಕಾಳು ಬೇಕು, ಜೋಡೀಲೆ ಬ್ಯಾಳಿ, ಕಾಯಿಪಲ್ಲೆ ಬೇಕು ಅಂತ ವಾದಿಸಿದ್ರು. 1877ರ ಮಾರ್ಚಿನಾಗ ಮದರಾಸ್ ಸರ್ಕಾರ ಅರ್ಧ ಒಪ್ಪಿ ಕಾಳು 570 ಗ್ರಾಂಗೆ ಏರಿಸಿತು, 43 ಗ್ರಾಂ ಬ್ಯಾಳಿ ಸೇರಿಸಿತು. ಬಳ್ಳಾರಿ ಆಗ ಮದರಾಸಿಗೇ ಸೇರಿತ್ತು. ಪಂಚಾಯ್ತಿ ಕರಡಿನಾಗಿನ 25 ಗ್ರಾಂ ಬ್ಯಾಳಿ ಆ ಬರಗಾಲದ ಪಡಿಗಿಂತ ಕಡಿಮಿ ಐತಿ. ಇದನ್ನ ಸಭೆಯೊಳಗ ಓದಿ ಹೇಳ್ರಿ.

ಕೊಪ್ಪರಿಗೆ

ಬೇಳೆ ಹೆಚ್ಚಿಸುವುದು ಸರಿ, ಆದರೆ ತೊಗರಿಬೇಳೆ ಬೇಡ. ಕುಕ್ಕರ್ ಇಲ್ಲದೆ, ಗಡಸು ನೀರಿನಲ್ಲಿ ಕೊಪ್ಪರಿಗೆಗಟ್ಟಲೆ ತೊಗರಿ ಬೇಯಿಸಲು ಗಂಟೆಗಟ್ಟಲೆ ಉರಿ ಬೇಕು. ಹೆಸರುಬೇಳೆ ಬೇಗ ಬೇಯುತ್ತದೆ, ಹೊಟ್ಟೆಗೂ ಹಗುರ. ಮೂರು ಪಾಲಿನಲ್ಲಿ ಎರಡು ಪಾಲು ಹೆಸರುಬೇಳೆ ಇಡಿ.

ಒಂದು ಹೊತ್ತಿಗೆ ತಲೆಗೆ ಸರಾಸರಿ 125 ಗ್ರಾಂ ಅಕ್ಕಿ ಹಿಡಿದರೆ 400 ಜನಕ್ಕೆ 50 ಕೆಜಿ. ಇದನ್ನು ಒಂದೇ ಸಲ ಹಾಕಬೇಡಿ. ತಳ ಸೀದು ಮೇಲೆ ಹೆಸಕಾಗುತ್ತದೆ. 20 ಕೆಜಿ ಮೀರದಂತೆ ಮೂರು ಸಲ ಮಾಡಿ. 20 ಕೆಜಿ ಅಕ್ಕಿ ಬೆಂದರೆ 50 ಕೆಜಿ ದಾಟುತ್ತದೆ, ಅದಕ್ಕೆ 80ರಿಂದ 100 ಲೀಟರ್ ಹಿಡಿಯುವ ಪಾತ್ರೆ ಬೇಕು. ಅನ್ನಕ್ಕೆ ಎರಡು ಒಲೆ, ಸಾರಿಗೆ ಒಂದು, ಕುಡಿಯುವ ನೀರು ಕಾಯಿಸಲು ಒಂದು. ಸಾರಿಗೆ ತಲೆಗೆ 150 ಮಿಲಿಲೀಟರ್ ಅಂದರೂ 60 ಲೀಟರ್.

ನಿಮ್ಮ ಪಟ್ಟಿಯಲ್ಲಿ ಸೌದೆಯೇ ಇಲ್ಲ! ಬಿಸಿಯೂಟದ ಸಿಲಿಂಡರ್ ಶಾಲೆಯಲ್ಲಿ ಇದೆ ಎಂದು ಎಲ್ಲರೂ ನಂಬುತ್ತಾರೆ. ಅದು ಮಕ್ಕಳ ಒಂದು ಹೊತ್ತಿನ ಊಟದ ಲೆಕ್ಕದ್ದು. ದೊಡ್ಡವರಿಗೆ ಮೂರು ಹೊತ್ತು ಬೇಯಿಸಿದರೆ ಎರಡು ದಿನದಲ್ಲಿ ಮುಗಿದುಹೋಗುತ್ತದೆ, ದಾರಿ ಕಟ್ಟಾದಾಗ ಬದಲಿ ಬರುವುದಿಲ್ಲ. ಒಲೆಗೆ ತಲೆಗೆ ದಿನಕ್ಕೆ ಅರ್ಧ ಕೆಜಿ ಮೇಲೆ ಒಣ ಸೌದೆ ಹಿಡಿಯಿರಿ. 10 ದಿನಕ್ಕೆ 20ರಿಂದ 25 ಕ್ವಿಂಟಲ್. ಮಳೆಗಾಲ ಶುರುವಾಗುವ ಮೊದಲೇ ಸೂರಿನ ಕೆಳಗೆ ಒಟ್ಟಿ ಇಡಬೇಕು. ಆಗಸ್ಟ್‌ನಲ್ಲಿ ಕಡಿದು ತಂದದ್ದು ಹೊಗೆ ಕೊಡುತ್ತದೆಯೇ ಹೊರತು ಉರಿಯುವುದಿಲ್ಲ.

ಹೊಳೆಸಾಲು

ಬಹಳ ಉಪಕಾರ. ಇಲ್ಲಿ ಮಂದಿ ಉಣ್ಣೋದು ಜೋಳದ ರೊಟ್ಟಿ. ಮೂರೂ ಹೊತ್ತು ಅನ್ನ ಕೊಟ್ಟರೆ ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರು ಬಿಟ್ಟೇಬಿಡುತ್ತಾರೆ. 18 ಕ್ವಿಂಟಲ್ ಧಾನ್ಯದಲ್ಲಿ ಜೋಳ ಸೇರಿಸಬಹುದೇ?

ಕೊಪ್ಪರಿಗೆ

ಸೇರಿಸಬೇಕು, ಆದರೆ ಬಿಸಿರೊಟ್ಟಿ ಬಡಿಯುವ ಯೋಜನೆ ಹಾಕಬೇಡಿ. ತಲೆಗೆ ಎರಡರಂತೆ ಒಂದು ಹೊತ್ತಿಗೆ 800 ರೊಟ್ಟಿ. ಕೈ ಪಳಗಿದವರು ಗಂಟೆಗೆ 30–40 ಬಡಿಯಬಹುದು. ಮನೆ ಕಳಕೊಂಡು ಬಂದ ಹೆಣ್ಣುಮಕ್ಕಳನ್ನೇ ದಿನವಿಡೀ ಒಲೆ ಮುಂದೆ ಕೂರಿಸಿದ ಹಾಗಾಗುತ್ತದೆ.

ಎರಡು ದಾರಿ ಇದೆ. ಒಂದು, ಜೋಳದ ನುಚ್ಚು. 1 ಕೆಜಿಗೆ 4ರಿಂದ 5 ಲೀಟರ್ ನೀರು, ಕುದಿಯುವಾಗ ತಿರುವುತ್ತಾ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿ. ಅನ್ನದಂತೆಯೇ ಕೊಪ್ಪರಿಗೆಯಲ್ಲಿ ಆಗುತ್ತದೆ. ಇನ್ನೊಂದು, ಮುಳುಗದ ಊರುಗಳಿಂದ ಕಡಕ್ ರೊಟ್ಟಿ ತರಿಸುವುದು. ಚೆನ್ನಾಗಿ ಒಣಗಿದ್ದರೆ ವಾರಗಟ್ಟಲೆ ಇರುತ್ತದೆ, ಜೊತೆಗೆ ಶೇಂಗಾ ಚಟ್ನಿಪುಡಿ ಇದ್ದರೆ ಒಲೆಯೇ ಬೇಡ. ನೆರವು ಕಳಿಸುತ್ತೇವೆ ಅನ್ನುವ ಹಳ್ಳಿಗಳಿಗೆ ಬಿಸಿಯಾದ ಚಪಾತಿ ಬೇಡ, ಕಡಕ್ ರೊಟ್ಟಿ ಕೊಡಿ ಎಂದು ಮೊದಲೇ ತಿಳಿಸಿ. ಬಿಸಿ ಚಪಾತಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಎರಡನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ.

ತಾಲ್ಲೂಕು ಆರೋಗ್ಯ

ಪೊಟ್ಟಣದ ಊಟದ ಬಗ್ಗೆ ಒಂದು ಮಾತು. ಪೇಟೆಯಲ್ಲಿ ಬೆಳಗ್ಗೆ 8ಕ್ಕೆ ಕಟ್ಟಿದ ಅನ್ನ-ಸಾಂಬಾರು ಸಂಜೆ 4ಕ್ಕೆ ಕೇಂದ್ರ ತಲುಪಿದರೆ ಅದನ್ನು ಬಡಿಸಬಾರದು. ಬೆಂದ ಅನ್ನ 60 ಡಿಗ್ರಿಗಿಂತ ಕೆಳಗಿಳಿದು ಹಾಗೇ ಬೆಚ್ಚಗೆ ಕೂತಾಗ ಅದರಲ್ಲಿರುವ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಮೊಳೆತು ವಿಷ ಬಿಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ, ವಾಸನೆಯಿಂದ ಗೊತ್ತಾಗುವುದೂ ಇಲ್ಲ. ಮಾಡಿದ 2 ಗಂಟೆಯೊಳಗೆ ಬಡಿಸಿ. ದೂರದಿಂದ ಬರಲೇಬೇಕಿದ್ದರೆ ಪುಳಿಯೋಗರೆಯಂಥ ಹುಳಿ ಇರುವುದು ಸ್ವಲ್ಪ ತಾಳುತ್ತದೆ. ಕಾಯಿಚಟ್ನಿ, ಪಲಾವು, ಮೊಸರನ್ನ ಬೇಡವೇ ಬೇಡ.

ಮೊದಲ ಎರಡು ದಿನ ಒಲೆ ಹಚ್ಚಲಾಗದೆ ಹೋದರೆ ಅವಲಕ್ಕಿ 300 ಗ್ರಾಂ, ಶೇಂಗಾ 100, ಪುಠಾಣಿ 50, ಬೆಲ್ಲ 50. ಸುಮಾರು 2,000 ಕ್ಯಾಲೊರಿ ಸಿಗುತ್ತದೆ, ಅಡುಗೆ ಬೇಕಿಲ್ಲ. ಚುರಮುರಿ ಮೂಟೆ ನೋಡಲು ದೊಡ್ಡದು, ತೂಕ ಕಡಿಮೆ. ದೋಣಿಯಲ್ಲಿ ಜಾಗ ತಿನ್ನುತ್ತದೆ. ಬ್ರೆಡ್ಡು, ಬನ್ನು ನೆನೆದು ಹಾಳಾಗುತ್ತವೆ.

ನೀರಿಲ್ಲದೆ ಇದೆಲ್ಲ ನಡೆಯದು. ತಲೆಗೆ ದಿನಕ್ಕೆ ಕುಡಿಯಲು 3 ಲೀಟರ್, ಅಡುಗೆ, ಪಾತ್ರೆ, ಮೈ ಕೈ ತೊಳೆಯಲು ಎಲ್ಲ ಸೇರಿ 15 ಲೀಟರ್. 400 ಜನಕ್ಕೆ ದಿನಕ್ಕೆ 6,000 ಲೀಟರ್, ಅಂದರೆ ದೊಡ್ಡ ಟ್ಯಾಂಕರ್ ಒಂದು. 1,000 ಲೀಟರ್ ತಿಳಿನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 2.5 ಗ್ರಾಂ, ಆಮೇಲೆ ಒಂದು ಗಂಟೆ ಬಿಡಬೇಕು. ಕೆಸರು ನೀರಾದರೆ ಮೊದಲು ಸ್ಫಟಿಕ (ಆಲಂ) ಹಾಕಿ ತಿಳಿಯಾಗಿಸಿ, ಯಾಕೆಂದರೆ ಕ್ಲೋರಿನ್ ಎಲ್ಲ ಕೆಸರಿಗೇ ಖರ್ಚಾಗಿಬಿಡುತ್ತದೆ. ಕ್ಲೋರಿನ್ ಅಳೆಯುವ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಉಳಿದಿದ್ದು ಕಂಡರೆ ಕುಡಿಯಲು ಕೊಡಬಹುದು. ಕಳೆದ ವರ್ಷ ಬಾಯಿ ಬಿಚ್ಚಿದ ಬ್ಲೀಚಿಂಗ್ ಚೀಲದಲ್ಲಿ ಶಕ್ತಿ ಇರುವುದಿಲ್ಲ, ಅದನ್ನು ಕುಡಿಯುವ ನೀರಿಗೆ ನಂಬಬೇಡಿ.

ಪಡಿಲೆಕ್ಕ

ಎಳೆ ಕೂಸುಗಳ ವಿಷಯ ಯಾರೂ ಎತ್ತಿಲ್ಲ. ತಾಲ್ಲೂಕು ಆರೋಗ್ಯದವರೇ ಬರೆದರೆ ಒಳ್ಳೆಯದು. ಹಾಲಿನ ಪುಡಿ ಡಬ್ಬಿ ಕಳಿಸುವವರು ಪ್ರತಿ ಸಲ ಇದ್ದೇ ಇರುತ್ತಾರೆ.

ತಾಲ್ಲೂಕು ಆರೋಗ್ಯ

ಡಬ್ಬಿ ಮತ್ತು ಹಾಲಿನ ಬಾಟಲಿಯನ್ನು ಕೇಂದ್ರದ ಬಾಗಿಲಲ್ಲೇ ತಡೆಯಿರಿ. 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆ ಪ್ರಕಾರ ಅನಾಥಾಲಯ ಬಿಟ್ಟು ಬೇರೆ ಯಾರಿಗೂ ಅವನ್ನು ದಾನವಾಗಿ ಹಂಚುವಂತಿಲ್ಲ. ಕಾನೂನು ಹೀಗಿರುವುದಕ್ಕೆ ಕಾರಣ ಇದೆ: ಕೊಳೆ ನೀರಿನಲ್ಲಿ ಕಲಸಿದ ಪುಡಿ, ಕುದಿಸದ ಬಾಟಲಿ, ಎರಡೇ ದಿನದಲ್ಲಿ ಭೇದಿ. ಅಷ್ಟರಲ್ಲಿ ಕೂಸು ಚೀಪುವುದು ಬಿಟ್ಟು ತಾಯಿಯ ಹಾಲು ಕಡಿಮೆಯಾಗಿರುತ್ತದೆ, ಡಬ್ಬಿ ಮುಗಿದ ಮೇಲೆ ಎರಡೂ ಇಲ್ಲ. ಭಯಕ್ಕೆ ಹಾಲು ಬತ್ತಿತು ಅಂತಾರೆ. ಗಾಬರಿಯಲ್ಲಿ ಹಾಲು ಇಳಿಯುವುದು ತಡವಾಗಬಹುದು, ಆದರೆ ಕೂಸು ಮತ್ತೆ ಮತ್ತೆ ಚೀಪಿದರೆ ಬರುತ್ತದೆ. ಬಾಣಂತಿಗೆ ಮರೆಯಾದ ಒಂದು ಕೋಣೆ, ಹೆಚ್ಚಿನ ಒಂದು ಊಟ, ಕುಡಿಯಲು ನೀರು, ಇಷ್ಟನ್ನು ಮೊದಲ ದಿನವೇ ಮಾಡಿಕೊಡಿ. ತಾಯಿ ಇಲ್ಲದ ಕೂಸಾದರೆ ಮಾತ್ರ ಡಾಕ್ಟರ ನಿಗಾದಲ್ಲಿ, ಬಟ್ಟಲು-ಚಮಚದಲ್ಲಿ.

6 ತಿಂಗಳಿಂದ 2 ವರ್ಷದ ಮಕ್ಕಳಿಗೆ ಖಾರದ ಸಾರು ಅನ್ನ ಸೇರುವುದಿಲ್ಲ. ಅಂಗನವಾಡಿಯ ಪುಷ್ಟಿ ಪುಡಿ ಇದ್ದರೆ ಅದು, ಇಲ್ಲದಿದ್ದರೆ ಹೆಸರುಬೇಳೆ-ಅಕ್ಕಿ ನುಣ್ಣಗೆ ಬೇಯಿಸಿ ಎಣ್ಣೆ, ಬೆಲ್ಲ ಸೇರಿಸಿ. ಚಮಚ ಓರೆ ಮಾಡಿದರೆ ಸುರಿಯಬಾರದು, ಅಷ್ಟು ಗಟ್ಟಿ ಇರಲಿ. ನೀರಾದ ಗಂಜಿಯಲ್ಲಿ ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗುವುದಿಲ್ಲ. ದಿನಕ್ಕೆ ನಾಲ್ಕೈದು ಸಲ ಕೊಡಬೇಕು, ಆದ್ದರಿಂದ ಒಂದು ಚಿಕ್ಕ ಒಲೆ ಮಕ್ಕಳಿಗೇ ಬೇರೆ ಇರಲಿ.

ಆಶಾ ಕಾರ್ಯಕರ್ತೆಯರ ಹತ್ತಿರ ತೋಳಿನ ಅಳತೆ ಪಟ್ಟಿ ಇದ್ದೇ ಇರುತ್ತದೆ. 6 ತಿಂಗಳಿಂದ 5 ವರ್ಷದ ಮಕ್ಕಳನ್ನು ಅಳೆಯಿರಿ. 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅಂದೇ ಆಸ್ಪತ್ರೆಗೆ. 12.5ರೊಳಗಿದ್ದರೆ ಹೆಚ್ಚಿನ ಆಹಾರ, ವಾರಕ್ಕೊಮ್ಮೆ ಮತ್ತೆ ಅಳತೆ. ಓಆರ್‌ಎಸ್ ಪೊಟ್ಟಣ, ಜಿಂಕ್ ಮಾತ್ರೆ ದಾಸ್ತಾನಿನಲ್ಲೇ ಇರಲಿ.

ಕೊಡಗಿನ ಮಳೆ

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಗುಡ್ಡ ಕುಸಿದಾಗಿನ ಕಥೆ ಬಯಲುಸೀಮೆಗಿಂತ ಬೇರೆ, ಆದರೂ ಒಂದು ಪಾಠ ಇಬ್ಬರಿಗೂ ಸಲ್ಲುತ್ತದೆ. ಪಟ್ಟಿಗೆ ಆಧಾರ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಪಡಿತರ ಚೀಟಿ ಆಧಾರವಾದರೆ ತೋಟದ ಲೈನ್‌ಮನೆಯಲ್ಲಿ ಇರುವ ಹೊರ ರಾಜ್ಯದ ಕಾರ್ಮಿಕರು ಹೊರಗುಳಿಯುತ್ತಾರೆ. ಮನೆ ನಂಬರ್ ಆಧಾರವಾದರೆ ಬಾಡಿಗೆಯವರು, ಒಂದೇ ಸೂರಿನಲ್ಲಿ ಬೇರೆ ಒಲೆ ಹಚ್ಚುವ ಅಣ್ಣತಮ್ಮಂದಿರು ಹೊರಗುಳಿಯುತ್ತಾರೆ. ಒಲೆ ಲೆಕ್ಕ ಹಿಡಿದು, ತಲೆ ಎಣಿಸಿ. ಕಬ್ಬು ಕಡಿಯಲು ಬಂದ ತಂಡಗಳು, ಗುಡಾರದಲ್ಲಿರುವ ಅಲೆಮಾರಿಗಳು ನಿಮ್ಮ ಕಡೆಯೂ ಇದ್ದಾರಲ್ಲ. ಪಟ್ಟಿಯನ್ನು ಗೋಡೆಗೆ ಅಂಟಿಸಿ, ಬಿಟ್ಟುಹೋದವರು ಹೆಸರು ಸೇರಿಸಲು ಒಬ್ಬರನ್ನು ಕೂರಿಸಿ.

ಕರಿಮಣ್ಣು

ಇನ್ನೊಂದು ಮಾತು ಬಿಚ್ಚಿ ಹೇಳಬೇಕ್ರಿ. ತಗ್ಗಿನ ಜಾಗ ಯಾರ ಕೇರಿ ಅನ್ನೋದು ಎಲ್ಲಾರಿಗೂ ಗೊತ್ತೈತಿ. ಹೊಳಿ ಮೊದಲ ಅಲ್ಲೇ ನುಗ್ಗತೈತಿ, ಕೇಂದ್ರಕ್ಕ ಮೊದಲ ಬರೋರೂ ಅವರ. ಆದ್ರ ಒಳಗಿನ ಕೋಣಿ ಸಿಗೋದು ತಡವಾಗಿ ಬಂದವರಿಗೆ, ಇವರಿಗೆ ಪಡಸಾಲಿ. ಊಟಕ್ಕ ಎರಡು ಸಾಲು ಆದ್ರ ಅವತ್ತ ಹಸಕೊಂಡು ಹೊಳ್ಳಿ ಹೋಗೋರು ಇರತಾರ. ಅಡಿಗಿ ಮಾಡೋರು, ಬಡಿಸೋರು ಎಲ್ಲಾ ಕೇರಿಯಿಂದ ಇರಬೇಕು, ಇದನ್ನ ಕರಡಿನೊಳಗ ಬರೀರಿ. ಬಾಯಿಮಾತಿಗೆ ಬಿಟ್ರ ಆಗಂಗಿಲ್ಲ.

ಮತ್ತ ಮೇವು. ದನ ಬಿಟ್ಟು ಮಂದಿ ಬರಂಗಿಲ್ಲ. ಕೇಂದ್ರದ ಬಾಜೂಕ ದನ ಕಟ್ಟಾಕ ಜಾಗಾ, ದೊಡ್ಡ ದನಕ್ಕ ದಿನಕ್ಕ 5–6 ಕೆಜಿ ಕಣಿಕಿ ಇಲ್ದಿದ್ರ ಗಂಡಸರು ಮುಳುಗೋ ಊರಾಗ ಉಳೀತಾರ, ಅವರಿಗೆ ದೋಣಿಯಾಗ ಬುತ್ತಿ ಕಳಿಸೋ ಕೆಲಸ ಬೀಳತೈತಿ.

ಸಂತೆಪೇಟೆ

ಇಷ್ಟೆಲ್ಲ ಕ್ವಿಂಟಲ್ ಹೊರುವ ಬದಲು ಮೂರನೇ ದಿನದಿಂದ ದುಡ್ಡು ಕೊಡಬಾರದೇಕೆ? 2019ರಲ್ಲಿ ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ ತುರ್ತಾಗಿ 10,000 ರೂಪಾಯಿ ಕೊಟ್ಟಿತು. ಜನರಿಗೆ ತಮಗೇನು ಬೇಕೆಂದು ಗೊತ್ತಿರುತ್ತದೆ. ಯಾರಿಗೋ ಜೋಳ, ಯಾರಿಗೋ ಔಷಧ, ಯಾರಿಗೋ ಬಸ್ ಚಾರ್ಜು.

ಪಡಿಲೆಕ್ಕ

ದುಡ್ಡು ಒಳ್ಳೆಯದೇ, ಸಂತೆ ಇದ್ದರೆ. ಮೂರು ಪ್ರಶ್ನೆ ಕೇಳಿ. ಹತ್ತಿರದ ವಾರದ ಸಂತೆ ಕೂಡುತ್ತಿದೆಯೇ? ಅಂಗಡಿಯವರಿಗೆ ಸರಕು ಬರುವ ದಾರಿ ತೆರೆದಿದೆಯೇ? ಎಣ್ಣೆ, ಬೇಳೆ ಬೆಲೆ ಕಳೆದ ವಾರದ ಹತ್ತಿರವೇ ಇದೆಯೇ? ಮೂರಕ್ಕೂ ಹೌದು ಅನ್ನುವುದಾದರೆ ದುಡ್ಡೇ ಮೇಲು. ಒಂದಕ್ಕೆ ಇಲ್ಲ ಅಂದರೂ ದುಡ್ಡು ಬೆಲೆ ಏರಿಸುತ್ತದೆ ಅಷ್ಟೆ. ಸೇತುವೆ ಮುಳುಗಿರುವ ವಾರದಲ್ಲಿ ಕಾಳೇ ಬೇಕು. ಜೊತೆಗೆ ಪಾಸ್‌ಬುಕ್ಕು, ಆಧಾರ್, ಮೊಬೈಲ್ ಎಲ್ಲ ನೀರುಪಾಲಾದವರಿಗೆ ಖಾತೆಗೆ ಬಿದ್ದ ಹಣ ಕೈಗೆ ಬರುವುದು ತಡ. ನ್ಯಾಯಬೆಲೆ ಅಂಗಡಿಯಲ್ಲೂ ನೆಟ್‌ವರ್ಕ್ ಇಲ್ಲದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ನಿಲ್ಲುತ್ತದೆ. ಆಗ ಕಾಗದದ ಪಟ್ಟಿಯಲ್ಲಿ ಸಹಿ ಹಾಕಿಸಿ ಪಡಿತರ ಕೊಡಲು ತಹಶೀಲ್ದಾರರಿಂದ ಮುಂಚಿತವಾಗಿ ಬರವಣಿಗೆಯಲ್ಲಿ ಅನುಮತಿ ಕೇಳಿಟ್ಟುಕೊಳ್ಳಿ.

ದೂರದೇಶ

ಸುಡಾನಿನ ಯುದ್ಧದಲ್ಲಿ ಊರವರೇ ನಡೆಸುವ ಅಡುಗೆಮನೆಗಳಿವೆ, ಅಲ್ಲಿ ತಕಿಯ್ಯಾ ಅನ್ನುತ್ತಾರೆ. ಖಾರ್ತೂಮಿನಲ್ಲಿ ದೊಡ್ಡ ಸಂಸ್ಥೆಗಳ ಲಾರಿ ತಲುಪದ ಬಡಾವಣೆಗಳನ್ನು ಉಣಿಸಿದ್ದು ಇವೇ. 2025ರ ಆರಂಭದಲ್ಲಿ ಅಮೆರಿಕದ ನೆರವು ನಿಂತಾಗ ಅಂಥ ನೂರಾರು ಒಲೆ ಆರಿದವು. ಒಬ್ಬನೇ ದಾನಿಯನ್ನು ನೆಚ್ಚಿದ್ದರ ಫಲ. ನಿಮ್ಮ ಕೇಂದ್ರದ ಪಟ್ಟಿಯಲ್ಲೂ ಯಾವ ಸರಕು ಯಾರಿಂದ ಎಂದು ಬರೆದು, ಮುಖ್ಯವಾದ ಪ್ರತಿಯೊಂದಕ್ಕೂ ಎರಡನೇ ಮೂಲ ಗುರುತಿಸಿ.

ಇನ್ನೊಂದು. ಹಸಿವಿನ ತೀವ್ರತೆಗೆ ಜಗತ್ತು ಬಳಸುವ ಐದು ಹಂತದ ಅಳತೆಯಲ್ಲಿ ಐದನೆಯದು ಕ್ಷಾಮ. ಒಂದು ಪ್ರದೇಶದಲ್ಲಿ ಐದರಲ್ಲೊಂದು ಮನೆಯವರಿಗೆ ಉಣ್ಣಲು ಏನೂ ಇಲ್ಲದ ಸ್ಥಿತಿ, ಮಕ್ಕಳಲ್ಲಿ ನೂರಕ್ಕೆ 30 ಮಂದಿಗೆ ತೀವ್ರ ಅಪೌಷ್ಟಿಕತೆ, 10,000 ಜನರಲ್ಲಿ ದಿನಕ್ಕೆ ಇಬ್ಬರ ಸಾವು. ಸುಡಾನಿನ ಜಮ್‌ಜಮ್ ಶಿಬಿರದಲ್ಲಿ 2024ರಲ್ಲಿ, ಗಾಜಾದಲ್ಲಿ 2025ರ ಆಗಸ್ಟ್‌ನಲ್ಲಿ ಹಾಗೆ ಘೋಷಣೆ ಆಯಿತು. ಘೋಷಣೆ ಆಗುವ ಹೊತ್ತಿಗೆ ಮಕ್ಕಳು ಸತ್ತಿರುತ್ತಾರೆ. ಕಾಯಬೇಕಾದದ್ದು ಅದಕ್ಕಿಂತ ಮೊದಲಿನ ಗುರುತುಗಳನ್ನು: ಊಟದ ಹೊತ್ತು ಮೂರರಿಂದ ಎರಡಕ್ಕೆ ಇಳಿಯುವುದು, ತಾಯಂದಿರು ತಮ್ಮ ಪಾಲು ಬಿಡುವುದು, ಬಿತ್ತನೆ ಕಾಳು ಉಣ್ಣುವುದು, ಕರೆಯುವ ಎಮ್ಮೆ ಮಾರುವುದು. ಈ ನಾಲ್ಕು ಪ್ರಶ್ನೆ ಕೇಳಲು ಯಾವ ತಜ್ಞರೂ ಬೇಕಿಲ್ಲ.

ಕರಿಮಣ್ಣು

ದೂರದೇಶದವರು ಹೇಳಿದ್ದು ಖರೇ ಐತಿ. ಅದನ್ನ ನಮ್ಮ ತಿಂಗಳುಗಳ ಮ್ಯಾಲೆ ಇಟ್ಟು ನೋಡ್ರಿ. ಆಗಸ್ಟ್‌ನಾಗ ಹೊಳಿ ಬಂದ್ರ ಕೊಯ್ಲಿಗೆ ಬಂದ ಹೆಸರು ಹೋತು, ಉಳ್ಳಾಗಡ್ಡಿ ಹೋತು, ಗೊಂಜಾಳ ಹೋತು. ಹಗೇವಿನಾಗ, ಚೀಲದಾಗ ಇದ್ದ ಜೋಳನೂ ನೆನೀತು. ಹಿಂಗಾರಿ ಜೋಳ ಬಿತ್ತಿದ್ರ ರಾಶಿ ಆಗೋದು ಫೆಬ್ರುವರಿ–ಮಾರ್ಚಿಗೆ. ಗಂಜಿ ಕೇಂದ್ರ 10 ದಿನ. ಮುಂದ ಆರು ತಿಂಗಳು? ಹೊಲ ಇದ್ದವರಿಗೆ ಬೆಳಿ ಪರಿಹಾರ ಖಾತೆಗೆ ಬರತೈತಿ. ಕೂಲಿ ಮಾಡೋರಿಗೆ, ಲಾವಣಿ ಹಾಕಿಕೊಂಡು ಮಾಡೋರಿಗೆ ಅದೂ ಇಲ್ಲ. ಕಳೆ ತಗಿಯೋ ಕೂಲಿ ಇಲ್ಲ, ಕೊಯ್ಲಿನ ಕೂಲಿ ಇಲ್ಲ. ಖರೇ ಹಸಿವು ಕೇಂದ್ರ ಮುಚ್ಚಿದ ಮರುದಿನ ಚಾಲೂ ಆಗತೈತಿ, ಆಗ ಕ್ಯಾಮೆರಾದವರೂ ಇರಂಗಿಲ್ಲ, ಲಾರಿನೂ ಬರಂಗಿಲ್ಲ.

ಪಡಿಲೆಕ್ಕ

ಇದೇ ಈ ಚರ್ಚೆಯಲ್ಲಿ ಬಂದ ಮುಖ್ಯ ಮಾತು, ಇದಕ್ಕೂ ಲೆಕ್ಕ ಹಾಕೋಣ. ಐದು ಜನರ ಮನೆಗೆ 30 ದಿನಕ್ಕೆ ಅದೇ ಪಾಲಿನಲ್ಲಿ ಧಾನ್ಯ 67 ಕೆಜಿ, ಬೇಳೆ 11 ಕೆಜಿ, ಎಣ್ಣೆ 6 ಕೆಜಿ. ಆಹಾರ ಭದ್ರತಾ ಕಾಯ್ದೆಯಡಿ ತಲೆಗೆ 5 ಕೆಜಿಯಂತೆ ಸಿಗುವುದು 25 ಕೆಜಿ. ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಆ ಕಾಯ್ದೆಯ ಪಡಿಯಲ್ಲಿ ಬೇಳೆ, ಎಣ್ಣೆ ಇಲ್ಲ.

ಈಗ ಫೋಟೋದಲ್ಲಿ ಕಾಣುವ ಕಿಟ್ ನೋಡಿ: ಅಕ್ಕಿ 10 ಕೆಜಿ, ಬೇಳೆ 1 ಕೆಜಿ, ಎಣ್ಣೆ 1 ಲೀಟರ್. ಒಟ್ಟು 46,000 ಕ್ಯಾಲೊರಿ ಆಸುಪಾಸು. ಐದು ಜನಕ್ಕೆ ನಾಲ್ಕು ದಿನ, ಅಷ್ಟೆ. ಆ ಕಿಟ್ಟನ್ನು ಕೇಂದ್ರದಲ್ಲಿ ಇರುವಾಗ ಕೊಟ್ಟರೆ ದಂಡ. ಉಣ್ಣಲು ಅಲ್ಲಿ ಸಿಗುತ್ತಿರುತ್ತದೆ, ಕಿಟ್ ಇಡಲು ಒಣಜಾಗ ಇರುವುದಿಲ್ಲ. ಮನೆಗೆ ಹೊರಡುವ ದಿನ ಕೊಡಿ. ದಾನಿಗಳಿಗೆ ಹೀಗೆ ಹೇಳಿ: 300 ಕಿಟ್ ಬೇಡ, ಕೂಲಿಕಾರರ, ಒಂಟಿ ಹೆಂಗಸರ, ವೃದ್ಧರ 60 ಮನೆಗಳಿಗೆ ತಿಂಗಳಿಗೊಮ್ಮೆ ಬೇಳೆ, ಎಣ್ಣೆ ಮತ್ತು ಸ್ವಲ್ಪ ಜೋಳ, ಫೆಬ್ರುವರಿವರೆಗೆ.

ಸಂತೆಪೇಟೆ

ಅಲ್ಲಿಗೆ ದುಡ್ಡಿನ ವಾದವೂ ಕೂಡುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಸಂತೆ ಕೂಡಿರುತ್ತದೆ. ಆ 60 ಮನೆಗಳಿಗೆ ತಿಂಗಳ ಬೇಳೆ-ಎಣ್ಣೆಯ ಬೆಲೆ ಲೆಕ್ಕ ಹಾಕಿ ಮನೆಯ ಹೆಣ್ಣುಮಗಳ ಕೈಗೆ ದುಡ್ಡು ಕೊಡಿ. ಊರ ಅಂಗಡಿಯವನೂ ಮುಳುಗಿರುತ್ತಾನೆ, ಅವನಿಗೂ ವ್ಯಾಪಾರ ಆಗಲಿ. ಉಚಿತ ಕಿಟ್ ತಿಂಗಳುಗಟ್ಟಲೆ ಬಂದರೆ ಅವನು ಅಂಗಡಿ ತೆರೆಯುವುದೇ ಇಲ್ಲ.

ಹೊಳೆಸಾಲು

ಒಂದೇ ಒಂದು ಪ್ರಶ್ನೆ ಉಳಿಯಿತು. ನೆನೆದ ಜೋಳವನ್ನು ಜನ ಒಣಗಿಸಿ ಉಣ್ಣುತ್ತಾರೆ. ತಡೆಯಬೇಕೋ?

ತಾಲ್ಲೂಕು ಆರೋಗ್ಯ

ಹೊಳೆ ನೀರು ಹೊಕ್ಕ ಕಾಳು ಉಣ್ಣಬಾರದು. ಆ ನೀರಿನಲ್ಲಿ ಶೌಚದ ಹೊಲಸು, ಸತ್ತ ದನ, ಹೊಲದ ಔಷಧ ಎಲ್ಲ ಬೆರೆತಿರುತ್ತದೆ. ಮೇಲಾಗಿ ಬೂಷ್ಟಿನ ವಿಷ ಒಣಗಿಸಿದರೂ, ಬೀಸಿದರೂ, ರೊಟ್ಟಿ ಸುಟ್ಟರೂ ಹೋಗುವುದಿಲ್ಲ. ದನಕ್ಕೂ ಕೋಳಿಗೂ ಹಾಕಬೇಡಿ, ಬಿತ್ತನೆಗೂ ಬರುವುದಿಲ್ಲ. ಆದರೆ ಬದಲಿ ಕೊಡದೆ ಉಣ್ಣಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಹಸಿದ ಮನೆಯಲ್ಲಿ ಆ ಮಾತಿಗೆ ಬೆಲೆ ಇಲ್ಲ. ಕೆಟ್ಟ ಕಾಳನ್ನು ಗ್ರಾಮ ಆಡಳಿತಾಧಿಕಾರಿ ಮುಂದೆ ತೂಗಿಸಿ, ಬರೆಸಿ, ಗುಂಡಿಯಲ್ಲಿ ಹೂಳಿ, ಅಂದೇ ಅಷ್ಟೇ ತೂಕದ ಒಳ್ಳೆ ಜೋಳ ಕೊಡುವ ವ್ಯವಸ್ಥೆ ಮಾಡಿಕೊಳ್ಳಿ. ಅದಕ್ಕಾಗಿಯೇ ದಾಸ್ತಾನಿನಲ್ಲಿ ಬೇರೆ ಲೆಕ್ಕ ಇರಲಿ.

ಕೊಪ್ಪರಿಗೆ

ದಾಸ್ತಾನು ಎಲ್ಲಿಡುತ್ತೀರಿ ಅನ್ನುವುದನ್ನೂ ಬರೆಯಿರಿ. 2019ರಲ್ಲಿ ನೀರು ಮುಟ್ಟಿದ ಗುರುತು ಗೋಡೆಗಳ ಮೇಲೆ ಇನ್ನೂ ಇದೆ, ಅದಕ್ಕಿಂತ ಎತ್ತರದ ಕೋಣೆಯೇ ಆಗಬೇಕು. ಚೀಲಗಳ ಕೆಳಗೆ ಒಂದು ಗೇಣು ಎತ್ತರದ ಹಲಗೆ, ಗೋಡೆಯಿಂದ ಒಂದು ಮೊಳ ದೂರ. ಬೇಳೆ, ಶೇಂಗಾ ಜೂನ್ ಕೊನೆಗೆ ತಂದು, ಹೊಳೆ ಬಾರದಿದ್ದರೆ ಅಕ್ಟೋಬರ್‌ನಲ್ಲಿ ಶಾಲೆಯ ಬಿಸಿಯೂಟಕ್ಕೆ, ಅಂಗನವಾಡಿಗೆ ಕೊಟ್ಟುಬಿಡಿ, ಹುಳ ಹಿಡಿಯುವ ತನಕ ಇಡಬೇಡಿ. ಬೀಗದ ಕೈ ಮೂವರ ಹತ್ತಿರ ಇರಲಿ, ಅವರಲ್ಲಿ ಇಬ್ಬರು ಹೊಳೆಯ ಈಚೆ ದಡದಲ್ಲೇ ರಾತ್ರಿ ಮಲಗುವವರಾಗಿರಲಿ.